ಕಾಣದ ಭಾರತವನ್ನು ಕುಣಿಸಿದ ಪೆಟಿಪಾ



ಬ್ಯಾಲೆ ಎಂದರೆ ನಮ್ಮಂಥ ರೇಡಿಯೋದವರಿಗೆ ಸ್ವಲ್ಪ ಪೇಚಾಟ. ‘ಸ್ವಾನ್ ಲೇಕ್’ನ ಸಂಗೀತ ಹಾಕಬಹುದು, ಅದನ್ನು ಬರೆದ ಚೈಕೋವ್‌ಸ್ಕಿ ಬಗ್ಗೆ ನಾಲ್ಕು ಮಾತು ಹೇಳಬಹುದು. ಆದರೆ ಆ ಸಂಗೀತಕ್ಕೆ ಹೆಜ್ಜೆ ಕೂಡಿಸಿದವರನ್ನು ಮೈಕಿನ ಮುಂದೆ ತಂದು ನಿಲ್ಲಿಸುವುದು ಹೇಗೆ? ಅದಕ್ಕೇ ಇರಬೇಕು, ಚೈಕೋವ್‌ಸ್ಕಿ ಹೆಸರು ಬಲ್ಲ ಎಷ್ಟೋ ಜನರಿಗೆ ಮಾರಿಯಸ್ ಪೆಟಿಪಾ ಹೆಸರು ಗೊತ್ತಿರುವುದಿಲ್ಲ. ಗಾಳಿಯಲ್ಲಿ ಹೇಳಲಾಗದ್ದನ್ನು ಈ ತಿಂಗಳ ಪುಟದಲ್ಲಿ ಹೇಳೋಣ ಅನಿಸಿತು.

‘ಕ್ಲಾಸಿಕಲ್ ಬ್ಯಾಲೆ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬರುತ್ತದಲ್ಲ? ಬೆರಳ ತುದಿಯ ಮೇಲೆ ನಿಂತ ಬಿಳಿಯುಡುಗೆಯ ನರ್ತಕಿ, ಹಿಂದೆ ಸಾಲಾಗಿ ನಿಂತ ಗೆಳತಿಯರು, ಮಧ್ಯೆ ನಾಯಕ-ನಾಯಕಿಯ ಜೋಡಿ ನೃತ್ಯ. ಆ ಚಿತ್ರವನ್ನು ಬಹುಪಾಲು ರೂಪಿಸಿದವರು ಪೆಟಿಪಾ. ‘ಸ್ಲೀಪಿಂಗ್ ಬ್ಯೂಟಿ’ ಅವರದು, ‘ಡಾನ್ ಕಿಹೋಟೆ’ ಅವರದು, ‘ರೇಮೊಂಡಾ’ ಅವರದು, ಇಂದು ನಾವು ನೋಡುವ ‘ಸ್ವಾನ್ ಲೇಕ್’ನಲ್ಲಿ ಅರ್ಧ ಪಾಲು ಅವರದು. ಒಟ್ಟು ಐವತ್ತಕ್ಕೂ ಹೆಚ್ಚು ಬ್ಯಾಲೆಗಳನ್ನು ಅವರು ಕಟ್ಟಿದರು. ಅವುಗಳಲ್ಲಿ ಒಂದರ ಕಥೆ ನಡೆಯುವುದು ನಮ್ಮ ದೇಶದಲ್ಲಿ. ಅದರ ಹೆಸರು ‘ಲಾ ಬಯಾದೇರ್’. ನಾಯಕಿ ದೇವಸ್ಥಾನದ ನರ್ತಕಿ, ಖಳರು ರಾಜಕುಮಾರಿ ಮತ್ತು ಪೂಜಾರಿ, ನಡುವೆ ಹಾವು, ಬೆಂಕಿ, ಫಕೀರರು, ಆನೆ ಎಲ್ಲ ಉಂಟು. ಕಟ್ಟಿದ ಪೆಟಿಪಾ ಮಾತ್ರ ಭಾರತದ ಮಣ್ಣು ಮೆಟ್ಟಿದವರೇ ಅಲ್ಲ.

ಅದನ್ನು ನೋಡುವಾಗ ನಾವು ನಗಬೇಕೋ, ಸಿಟ್ಟಾಗಬೇಕೋ, ಚಪ್ಪಾಳೆ ತಟ್ಟಬೇಕೋ? ಉತ್ತರಕ್ಕೆ ಮೊದಲು ಮನುಷ್ಯನನ್ನು ಪರಿಚಯ ಮಾಡಿಕೊಳ್ಳೋಣ.

ಕಂಪನಿ ಮನೆಯ ಹುಡುಗ

ಪೆಟಿಪಾ ಹುಟ್ಟಿದ್ದು 1818ರ ಮಾರ್ಚ್ 11ರಂದು, ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ. ತಂದೆ ಜಾನ್ ಆಂತ್ವಾನ್ ನರ್ತಕ, ಬ್ಯಾಲೆ ಮಾಸ್ಟರ್. ತಾಯಿ ವಿಕ್ಟೋರಿನ್ ನಟಿ. ನಮ್ಮ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಲ್ಲಿ ಮಕ್ಕಳು ಪರದೆಯ ಹಿಂದೆಯೇ ಹುಟ್ಟಿ ಬೆಳೆದು ಬಣ್ಣ ಹಚ್ಚುತ್ತಿದ್ದರಲ್ಲ, ಹಾಗೆಯೇ ಇದೂ. ಸಂಸಾರ ಬ್ರಸೆಲ್ಸ್‌ಗೆ ಹೋಯಿತು. ಅಲ್ಲಿ ಒಂಬತ್ತರ ಹುಡುಗ ತಂದೆಯ ಬ್ಯಾಲೆಯಲ್ಲಿ ರಂಗವೇರಿದ. ಅಣ್ಣ ಲೂಸಿಯೆನ್ ಇವನಿಗಿಂತ ಚೆಲುವ, ಚುರುಕಿನ ನರ್ತಕ. 1841ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ‘ಜಿಸೆಲ್’ ಮೊದಲ ಸಲ ಆಡಿದಾಗ ನಾಯಕನ ಪಾತ್ರ ಈ ಅಣ್ಣನದು.

ತಮ್ಮನಿಗೆ ಅಂಥ ಅದೃಷ್ಟ ಇರಲಿಲ್ಲ. ಊರಿಂದೂರಿಗೆ ಅಲೆದಾಟ. ನಾಂತ್ ಪಟ್ಟಣದಲ್ಲಿ ಕೆಲಸದಲ್ಲಿದ್ದಾಗ ಕಾಲಿನ ಮೂಳೆ ಮುರಿಯಿತು. ರಂಗಕ್ಕೆ ಬರದಿದ್ದರೆ ಸಂಬಳವಿಲ್ಲ ಎಂಬ ಕರಾರು. ಆಗ ಪೆಟಿಪಾ ಮಾಡಿದ ಉಪಾಯವನ್ನು ಅವರೇ ತಮ್ಮ ನೆನಪಿನ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಒಂದು ಸ್ಪ್ಯಾನಿಷ್ ನೃತ್ಯವನ್ನು ಬೇರೆಯವರಿಗೆ ಕಲಿಸಿ, ತಾವು ರಂಗದ ಮೇಲೆಯೇ ಇದ್ದು ಕೈಯಲ್ಲಿ ಕ್ಯಾಸ್ಟನೆಟ್ ತಾಳ ಬಡಿದರಂತೆ. ಕುಣಿದದ್ದು ಇನ್ನೊಬ್ಬರು, ಆದರೂ ರಂಗಕ್ಕೆ ಬಂದ ಹಾಗಾಯಿತು, ಸಂಬಳವೂ ಬಂತು. ಮುಂದೆ ಜೀವಮಾನವೆಲ್ಲ ಮಾಡಿದ ಕೆಲಸದ ಮೊದಲ ಪಾಠ ಇದು ಅನ್ನಿ.

ಅಲ್ಲಿಂದ ಬೋರ್ಡೋ, ಬಳಿಕ 1844ರಲ್ಲಿ ಸ್ಪೇನಿನ ಮ್ಯಾಡ್ರಿಡ್. ಮೂರು ವರ್ಷ ಅಲ್ಲಿದ್ದು ಆ ನಾಡಿನ ಕುಣಿತಗಳನ್ನು ಕಲಿತರು. ಅದೇ ಮುಂದೆ ‘ಡಾನ್ ಕಿಹೋಟೆ’ಯಲ್ಲಿ ಕೆಲಸಕ್ಕೆ ಬಂತು. ಒಂದು ಪ್ರೇಮ ಪ್ರಕರಣ ದ್ವಂದ್ವಯುದ್ಧದವರೆಗೆ ಹೋಗಿ ಊರು ಬಿಡಬೇಕಾಯಿತು ಎಂದೂ ಅವರೇ ಬರೆದಿದ್ದಾರೆ. ಇಪ್ಪತ್ತೊಂಬತ್ತು ವರ್ಷವಾಗಿತ್ತು. ಹೇಳಿಕೊಳ್ಳುವಂಥ ಹೆಸರಿಲ್ಲ. ಅಷ್ಟರಲ್ಲಿ ರಷ್ಯಾದಿಂದ ಕರೆ ಬಂತು.

ಪೀಟರ್ಸ್‌ಬರ್ಗ್‌ನಲ್ಲಿ ಕಾದ ಹದಿನೈದು ವರ್ಷ

1847ರ ಬೇಸಿಗೆಯಲ್ಲಿ ಪೆಟಿಪಾ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದಿಳಿದರು. ಆಗ ರಷ್ಯಾದ ರಂಗಮಂದಿರಗಳು ನೇರವಾಗಿ ತ್ಸಾರ್ ಚಕ್ರವರ್ತಿಯ ಖರ್ಚಿನಲ್ಲಿ ನಡೆಯುತ್ತಿದ್ದವು. ನರ್ತಕಿಯರ ಶಾಲೆ, ವಾದ್ಯಗಾರರು, ದರ್ಜಿಗಳು, ಬಡಗಿಗಳು ಎಲ್ಲರಿಗೂ ಅರಮನೆಯ ಸಂಬಳ. ಮೈಸೂರು ಅರಮನೆಯಲ್ಲಿ ವಿದ್ವಾಂಸರಿಗೂ ನರ್ತಕಿಯರಿಗೂ ಆಶ್ರಯ ಇದ್ದ ಹಾಗೆ. ಒಂದು ಮುಖ್ಯ ವ್ಯತ್ಯಾಸ ಅಂದರೆ ಇಲ್ಲಿ ನೂರಾರು ಜನ ನುರಿತ ನರ್ತಕಿಯರನ್ನು ಒಂದೇ ಸಲ ರಂಗಕ್ಕೆ ಇಳಿಸುವಷ್ಟು ಶಕ್ತಿ ಇತ್ತು. ಪ್ಯಾರಿಸ್ಸಿನಲ್ಲಿ ಬ್ಯಾಲೆಯ ಕಾವು ಇಳಿಯುತ್ತಿದ್ದ ಕಾಲದಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಅದಕ್ಕೆ ಬೆಚ್ಚಗಿನ ಮನೆ ಸಿಕ್ಕಿತು.

ಆದರೆ ಬಂದ ಕೂಡಲೇ ಪಟ್ಟ ಸಿಗಲಿಲ್ಲ. ಮೊದಲು ಜೂಲ್ಸ್ ಪೆರೊ, ಆಮೇಲೆ ಆರ್ಥರ್ ಸಾನ್-ಲಿಯೋನ್ ಎಂಬಿಬ್ಬರು ಫ್ರೆಂಚ್ ಮಾಸ್ಟರುಗಳ ಕೈಕೆಳಗೆ ನರ್ತಕನಾಗಿ, ಸಹಾಯಕನಾಗಿ ದುಡಿದರು. ಅವಕಾಶ ಸಿಕ್ಕಿದ್ದು 1862ರಲ್ಲಿ. ಕಾರೊಲಿನಾ ರೊಸಾಟಿ ಎಂಬ ಇಟಲಿಯ ನರ್ತಕಿಗೆ ಹೊಸ ಬ್ಯಾಲೆ ಬೇಕಾಗಿತ್ತು, ಸಮಯ ಇರಲಿಲ್ಲ. ಪೆಟಿಪಾ ಒಪ್ಪಿಕೊಂಡು ಆರೇ ವಾರದಲ್ಲಿ ‘ಫೇರೋನ ಮಗಳು’ ಎಂಬ ಭಾರಿ ಬ್ಯಾಲೆ ಎಬ್ಬಿಸಿ ನಿಲ್ಲಿಸಿದರು. ಪಿರಮಿಡ್ಡು, ಮಮ್ಮಿ, ಸಿಂಹ, ನೈಲ್ ನದಿ, ರಂಗದ ತುಂಬ ಜನ. ನಾಯಕನಾಗಿ ಕುಣಿದವರೂ ಅವರೇ. ಊರೆಲ್ಲ ಅದರದೇ ಮಾತಾಯಿತು. 1869ರ ಹೊತ್ತಿಗೆ ಪೀಟರ್ಸ್‌ಬರ್ಗ್‌ನ ಬ್ಯಾಲೆ ಅವರ ಕೈಗೆ ಬಂತು. ಅದೇ ವರ್ಷ ಮಾಸ್ಕೋದಲ್ಲಿ ‘ಡಾನ್ ಕಿಹೋಟೆ’ ಆಡಿತು.

ಅವರ ಕೆಲಸದ ರೀತಿ ಸ್ವಾರಸ್ಯವಾದದ್ದು. ಮನೆಯಲ್ಲಿ ಮೇಜಿನ ಮೇಲೆ ಚದುರಂಗದ ಕಾಯಿಗಳಂತೆ ಪುಟ್ಟ ಗೊಂಬೆಗಳನ್ನು ಇಟ್ಟುಕೊಂಡು, ಸಾಲು, ವೃತ್ತ, ಮೂಲೆಯಿಂದ ಮೂಲೆಗೆ ಓಡುವ ಗೆರೆ ಎಲ್ಲವನ್ನೂ ಸರಿಸಿ ಸರಿಸಿ ನೋಡುತ್ತಿದ್ದರು. ಸರಿ ಅನಿಸಿದ್ದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಅಭ್ಯಾಸಕ್ಕೆ ಬರುವಾಗ ಸಮೂಹದ ನಕ್ಷೆ ಸಿದ್ಧವಾಗಿರುತ್ತಿತ್ತು. ಮಾತಾಡುತ್ತಿದ್ದುದು ಫ್ರೆಂಚ್. ಅರವತ್ತಕ್ಕೂ ಹೆಚ್ಚು ವರ್ಷ ರಷ್ಯಾದಲ್ಲಿದ್ದರೂ ಅವರಿಗೆ ರಷ್ಯನ್ ಭಾಷೆ ನೆಟ್ಟಗೆ ಬರಲೇ ಇಲ್ಲ. ಹರಕು ಮುರುಕು ರಷ್ಯನ್ನಿನಲ್ಲಿ ಅವರು ಕೂಗಾಡುವುದನ್ನು ಶಿಷ್ಯರು ಅಣಕಿಸಿ ನಗುತ್ತಿದ್ದರಂತೆ. ಮುಂಬೈ, ಪುಣೆ, ದೆಹಲಿಗಳಲ್ಲಿ ಹತ್ತಿಪ್ಪತ್ತು ವರ್ಷ ಕಳೆದೂ ತರಕಾರಿಯವನ ಹತ್ತಿರ ಹಿಂದಿಯಲ್ಲಿ ತಡವರಿಸುವ ನಮ್ಮವರಿಗೆ ಇದು ಹೊಸದೇನಲ್ಲ!

ಭಾರತ ಎಂಬ ಕನಸು

ಈಗ ‘ಬಯಾದೇರ್’ಗೆ ಬರೋಣ. ಈ ಪದವೇ ನಮ್ಮದಲ್ಲ. ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಕುಣಿಯುವ ಹೆಂಗಸರನ್ನು ‘ಬೈಲದೇರ’ ಎಂದು ಕರೆದರು, ಅದು ಫ್ರೆಂಚರ ಬಾಯಲ್ಲಿ ‘ಬಯಾದೇರ್’ ಆಯಿತು. ದೇವದಾಸಿಯ ಕಥೆ ಯುರೋಪಿಗೆ ಆಗಲೇ ಪರಿಚಿತ. ಜರ್ಮನ್ ಕವಿ ಗಯಟೆ 1797ರಲ್ಲಿ ಒಬ್ಬ ದೇವರು ಮತ್ತು ಒಬ್ಬ ಬಯಾದೇರ್ ಬಗ್ಗೆ ಕವನ ಬರೆದಿದ್ದ. 1830ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ವಸ್ತುವಿನ ಒಪೆರಾ ಆಡಿತು.

1838ರಲ್ಲಿ ನಿಜವಾದ ದೇವದಾಸಿಯರೇ ಪ್ಯಾರಿಸ್ಸಿಗೆ ಹೋದರು! ಪಾಂಡಿಚೇರಿ ಹತ್ತಿರದ ತಿರುವಹೀಂದ್ರಪುರದ ದೇವಸ್ಥಾನದ ಐವರು ನರ್ತಕಿಯರು, ಜೊತೆಗೆ ವಾದ್ಯದವರು. ಅವರಲ್ಲಿ ಅಮ್ಮಣಿ ಎಂಬಾಕೆಯ ಚೆಲುವಿಗೆ ಪ್ಯಾರಿಸ್ ಮರುಳಾಯಿತು; ಒಬ್ಬ ಶಿಲ್ಪಿ ಆಕೆಯ ಕಂಚಿನ ಪ್ರತಿಮೆ ಮಾಡಿದ. ತೆಯೋಫಿಲ್ ಗೋತಿಯೇ ಎಂಬ ಹೆಸರಾಂತ ಲೇಖಕ ಅವರ ಬಗ್ಗೆ ಉದ್ದುದ್ದ ಬರೆದ. ಈ ಹೆಸರು ನೆನಪಿಟ್ಟುಕೊಳ್ಳಿ. ‘ಜಿಸೆಲ್’ ಬ್ಯಾಲೆಯ ಕಥೆಯಲ್ಲಿ ಗೋತಿಯೇ ಕೈಯಿತ್ತು. ಪೆಟಿಪಾರ ‘ಫೇರೋನ ಮಗಳು’ ಹುಟ್ಟಿದ್ದು ಗೋತಿಯೇ ಕಾದಂಬರಿಯಿಂದ. 1858ರಲ್ಲಿ ಇದೇ ಗೋತಿಯೇ ಕಾಳಿದಾಸನ ಶಾಕುಂತಲವನ್ನು ಬ್ಯಾಲೆಗೆ ಒಗ್ಗಿಸಿ ಬರೆದುಕೊಟ್ಟ. ಪ್ಯಾರಿಸ್ ಒಪೆರಾದಲ್ಲಿ ಅದಕ್ಕೆ ನೃತ್ಯ ಕಟ್ಟಿದವರು ಯಾರು ಗೊತ್ತೇ? ಪೆಟಿಪಾರ ಅಣ್ಣ ಲೂಸಿಯೆನ್. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸ ಎನಿಸಿಕೊಳ್ಳುವ ಮೊದಲೇ ಶಕುಂತಲೆ ಪ್ಯಾರಿಸ್ಸಿನಲ್ಲಿ ಬೆರಳ ತುದಿಯ ಮೇಲೆ ಕುಣಿದಿದ್ದಳು.

ಇಷ್ಟೆಲ್ಲ ಹಿನ್ನೆಲೆಯಲ್ಲಿ ‘ಲಾ ಬಯಾದೇರ್’ 1877ರ ಫೆಬ್ರವರಿ 4ರಂದು ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಸಲ ಆಡಿತು. ಕಥೆ ಹೀಗಿದೆ. ದೇವಾಲಯದ ನರ್ತಕಿ ನಿಕಿಯಾ ಮತ್ತು ವೀರ ಸೋಲೋರ್ ಪವಿತ್ರಾಗ್ನಿಯ ಮುಂದೆ ಪ್ರೇಮದ ಆಣೆ ಮಾಡುತ್ತಾರೆ. ದೇವಸ್ಥಾನದ ಹಿರಿಯ ಪೂಜಾರಿಗೂ ಆಕೆಯ ಮೇಲೆ ಕಣ್ಣು. ರಾಜ ತನ್ನ ಮಗಳು ಗಮ್ಜಾಟ್ಟಿಯನ್ನು ಸೋಲೋರನಿಗೆ ಕೊಡಲು ನಿಶ್ಚಯಿಸುತ್ತಾನೆ. ನಿಶ್ಚಿತಾರ್ಥದ ದಿನ ನಿಕಿಯಾ ಎಲ್ಲರೆದುರು ಕುಣಿಯಬೇಕು. ಆಕೆಯ ಕೈಗೆ ಹೂವಿನ ಬುಟ್ಟಿ ಬರುತ್ತದೆ, ಅದರೊಳಗೆ ಹಾವು. ಕಚ್ಚಿಸಿಕೊಂಡ ಮೇಲೆ ಪೂಜಾರಿ ವಿಷದ ಮದ್ದು ಕೊಡಲು ಬರುತ್ತಾನೆ, ತನ್ನವಳಾಗಬೇಕು ಎಂಬ ಷರತ್ತಿನ ಮೇಲೆ. ಆಕೆ ಮದ್ದು ಬೇಡವೆಂದು ಸಾಯುತ್ತಾಳೆ. ಸೋಲೋರ್ ಅಫೀಮಿನ ಮಂಪರಿನಲ್ಲಿ ಆಕೆಯನ್ನು ನೆರಳುಗಳ ಲೋಕದಲ್ಲಿ ಕಾಣುತ್ತಾನೆ. ಕೊನೆಗೆ ಮದುವೆ ಮಂಟಪದ ಮೇಲೆ ದೇವಾಲಯವೇ ಕುಸಿದು ಬೀಳುತ್ತದೆ.

ತಪ್ಪು ಹುಡುಕಲು ಕೂತರೆ ಒಂದು ಪುಟ ಸಾಲದು. ರಾಜನ ಹೆಸರು ದುಗ್ಮಂತ. ದುಷ್ಯಂತ ಎಲ್ಲೋ ದಾರಿಯಲ್ಲಿ ಮುಗ್ಗರಿಸಿದ ಹಾಗಿದೆ. ಫಕೀರನ ಹೆಸರು ಮಗ್ದವೇಯ. ಬದರೀನಾಥನ ಹೆಸರಲ್ಲಿ ಒಂದು ಮೆರವಣಿಗೆ. ಪೂಜಾರಿ, ಫಕೀರ, ರಾಜ, ಹುಲಿಬೇಟೆ ಎಲ್ಲ ಒಂದೇ ಅಂಗಳದಲ್ಲಿ. ಸಂಗೀತ ಬರೆದವರು ವಿಯೆನ್ನಾದಲ್ಲಿ ಹುಟ್ಟಿದ ಲುಡ್ವಿಗ್ ಮಿಂಕುಸ್. ಹಾಗಾಗಿ ನಮ್ಮ ದೇವದಾಸಿ ಅಲ್ಲಿ ಕುಣಿಯುವುದು ಒಂದು-ಎರಡು-ಮೂರು ಎನ್ನುವ ವಾಲ್ಟ್ಸ್ ಲಯಕ್ಕೆ.

ನಗು ಬರುತ್ತದೆ, ನಿಜ. ಆದರೆ ಆ 1877ನೇ ಇಸವಿ ನಮ್ಮ ಕಡೆಯವರು ಮರೆಯಬಾರದ ವರ್ಷ. ಹಿರಿಯರು ‘ಧಾತು ಈಶ್ವರ ಬರ’ ಎಂದು ಕರೆಯುತ್ತಿದ್ದ ಮಹಾ ಕ್ಷಾಮ ಆಗ ಮೈಸೂರು ಸೀಮೆಯನ್ನೂ ಇಡೀ ದಕ್ಷಿಣವನ್ನೂ ಸುಡುತ್ತಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಪೀಟರ್ಸ್‌ಬರ್ಗ್‌ನ ರಂಗದ ಮೇಲೆ ಮುತ್ತು ರತ್ನದ ಭಾರತ ಮೆರವಣಿಗೆ ಹೊರಟಿದ್ದಾಗ ನಿಜವಾದ ಭಾರತ ಗಂಜಿಕೇಂದ್ರದ ಮುಂದೆ ನಿಂತಿತ್ತು.

ಇನ್ನೊಂದು ಮಾತು. ಅದೇ ಹೊತ್ತಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರಿಗೆ ಇಪ್ಪತ್ತು ವರ್ಷ. ಪೈಲ್ವಾನರ ಮನೆಯಲ್ಲಿ 1857ರಲ್ಲಿ ಹುಟ್ಟಿ, ಅರಮನೆಯ ನರ್ತಕಿಯಾಗಿ, ಅಭಿನಯದಲ್ಲಿ ಸಾಟಿಯಿಲ್ಲ ಎನಿಸಿಕೊಂಡವರು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ನಿಕಿಯಾಗೆ ಇಲ್ಲದ ಪದ, ಜಾವಳಿ, ಕಣ್ಣು-ಹುಬ್ಬಿನ ಮಾತು ಎಲ್ಲ ಈ ನಿಜವಾದ ನರ್ತಕಿಯರಲ್ಲಿ ಇತ್ತು. ಅವರ ಬದುಕಿನ ಕಷ್ಟಗಳೂ ಹೂಬುಟ್ಟಿಯ ಹಾವಿನಷ್ಟು ಸರಳವಾಗಿರಲಿಲ್ಲ. ಪೆಟಿಪಾರಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಹಾಗಾದರೆ ಉಳಿದದ್ದೇನು?

ಉಳಿದದ್ದು ನೆರಳುಗಳ ದೃಶ್ಯ. ಮಿತ್ರರೇ, ಇದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಪ್ರಯತ್ನಿಸುತ್ತೇನೆ.

ರಂಗ ಕತ್ತಲು. ಹಿಂಬದಿಯಲ್ಲಿ ಎತ್ತರದಿಂದ ಒಂದು ಇಳಿಜಾರು. ಬಿಳಿಯುಡುಗೆಯ ಒಬ್ಬ ನರ್ತಕಿ ಕಾಣಿಸಿಕೊಳ್ಳುತ್ತಾಳೆ. ಒಂದು ಕಾಲನ್ನು ಹಿಂದಕ್ಕೆ ನೀಳವಾಗಿ ಎತ್ತಿ ಮುಂದಕ್ಕೆ ಬಾಗುತ್ತಾಳೆ. ನೆಟ್ಟಗಾಗಿ ಕೈಗಳನ್ನು ಮೇಲೆತ್ತಿ ಹಿಂದಕ್ಕೆ ವಾಲುತ್ತಾಳೆ. ಎರಡು ಹೆಜ್ಜೆ ಮುಂದೆ. ಅವಳ ಹಿಂದೆ ಇನ್ನೊಬ್ಬಳು, ಅದೇ ಚಲನೆ. ಆಮೇಲೆ ಮೂರನೆಯವಳು, ನಾಲ್ಕನೆಯವಳು. ಸಂಗೀತ ಒಂದೇ ಸಮ ಹರಿಯುತ್ತಿರುತ್ತದೆ. ಇಳಿಜಾರಿನಲ್ಲಿ ಸಾಲು ಹಾವಿನಂತೆ ತಿರುಗಿ ತಿರುಗಿ ಇಳಿದು ಕೊನೆಗೆ ರಂಗವೆಲ್ಲ ತುಂಬುತ್ತದೆ. ಇಂದು ಕೆಲವು ತಂಡಗಳಲ್ಲಿ 24 ಜನ, ದೊಡ್ಡ ತಂಡಗಳಲ್ಲಿ 32. ಪೆಟಿಪಾ 1900ರಲ್ಲಿ ಇದನ್ನು ಮತ್ತೆ ಆಡಿಸಿದಾಗ 48 ಜನ ಇದ್ದರು. ಮೂವತ್ತೆರಡು ಜನರ ತಂಡದಲ್ಲಿ ಮೊದಲು ಬಂದವಳು ಅದೇ ಕಷ್ಟದ ಭಂಗಿಯನ್ನು ಮೂವತ್ತಕ್ಕೂ ಹೆಚ್ಚು ಸಲ, ಒಂದೇ ಕಾಲಿನ ಮೇಲೆ, ಅಲುಗಾಡದೆ ಮಾಡಬೇಕು. ಒಬ್ಬಳು ತಡವರಿಸಿದರೆ ಇಡೀ ಸಾಲಿನ ಮಾಟ ಮುರಿಯುತ್ತದೆ.

ಕಥೆಯ ದೃಷ್ಟಿಯಿಂದ ಇಲ್ಲಿ ಏನೂ ನಡೆಯುವುದಿಲ್ಲ. ಒಂದು ಸರಳ ಚಲನೆ ಮತ್ತೆ ಮತ್ತೆ ಬರುತ್ತದೆ, ಅಷ್ಟೆ. ಹಿಂದೂಸ್ತಾನಿ ಗಾಯಕರು ವಿಲಂಬಿತದಲ್ಲಿ ಒಂದೇ ಸ್ವರಗುಚ್ಛವನ್ನು ಬಿಡದೆ ಸುತ್ತುವಾಗ ಒಂದು ಹಂತದಲ್ಲಿ ನಮಗೆ ಹೊತ್ತು ಮರೆತುಹೋಗುತ್ತದಲ್ಲ, ಹಾಗೆ ಇಲ್ಲೂ ಆಗುತ್ತದೆ. ಆ ಹೊತ್ತಿನಲ್ಲಿ ದುಗ್ಮಂತನೂ ಇಲ್ಲ, ಫಕೀರನೂ ಇಲ್ಲ. ಸತ್ತವಳನ್ನು ಮರೆಯಲಾಗದ ಒಬ್ಬನ ದುಃಖ ಮಾತ್ರ ಇದೆ. ಅದಕ್ಕೆ ಯಾವ ದೇಶದ ವೇಷವೂ ಬೇಕಿಲ್ಲ.

ಚೈಕೋವ್‌ಸ್ಕಿಗೆ ಬರೆದುಕೊಟ್ಟ ಚೀಟಿ

ಪೆಟಿಪಾರಿಗೆ ಎಪ್ಪತ್ತಾದ ಮೇಲೆ ಬದುಕಿನ ಅತಿ ದೊಡ್ಡ ಕೆಲಸ ಬಂತು. ಚಕ್ರವರ್ತಿಯ ರಂಗಮಂದಿರಗಳ ನಿರ್ದೇಶಕ ಇವಾನ್ ಸೆವೊಲೊಜ್‌ಸ್ಕಿ ಚೈಕೋವ್‌ಸ್ಕಿಯನ್ನೂ ಪೆಟಿಪಾರನ್ನೂ ಒಟ್ಟಿಗೆ ಕೂರಿಸಿದರು. ‘ಸ್ಲೀಪಿಂಗ್ ಬ್ಯೂಟಿ’ಗಾಗಿ ಪೆಟಿಪಾ ಬರೆದುಕೊಟ್ಟ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಎಲ್ಲಿ ಎಷ್ಟು ಆವರ್ತನ, ಎಲ್ಲಿ ವೇಗ, ಎಲ್ಲಿ ಮೆಲ್ಲಗೆ, ಎಲ್ಲಿ ದಿಗಿಲು ಎಲ್ಲ ಅದರಲ್ಲಿದೆ. ಬೆಳ್ಳಿಯ ಕಿನ್ನರಿ ಕುಣಿಯುವಾಗ ನಾಣ್ಯದ ಸದ್ದು ಕೇಳಬೇಕು ಎಂದೂ ಬರೆದಿದ್ದರು. ಇನ್ನೊಬ್ಬರಾಗಿದ್ದರೆ ‘ನನಗೆ ಸಂಗೀತ ಹೇಳಿಕೊಡುತ್ತೀರಾ’ ಎಂದು ಎದ್ದುಹೋಗುತ್ತಿದ್ದರೇನೋ. ಚೈಕೋವ್‌ಸ್ಕಿ ಅದೇ ಚೌಕಟ್ಟಿನೊಳಗೆ ತಮ್ಮ ಅತ್ಯುತ್ತಮ ಸಂಗೀತಗಳಲ್ಲಿ ಒಂದನ್ನು ಬರೆದರು. ಅದರಲ್ಲಿ ನೀಲಮಣಿಯ ಕಿನ್ನರಿಗೆ ಬರೆದ ತುಣುಕು ಐದು ಮಾತ್ರೆಯ ಲಯದಲ್ಲಿದೆ. ನಮ್ಮ ಖಂಡ ನಡೆ ಎಣಿಸಿ ಅಭ್ಯಾಸವಿರುವವರು ಕೇಳಿ ನೋಡಿ, ಕೈ ತಾನಾಗಿಯೇ ತಾಳ ಹಾಕುತ್ತದೆ.

1890ರ ಜನವರಿಯಲ್ಲಿ ‘ಸ್ಲೀಪಿಂಗ್ ಬ್ಯೂಟಿ’ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಆಡಿತು. ಮುಂದೆ ಒಬ್ಬ ಬಡ ಹೆಂಗಸು ತನ್ನ ಎಂಟು ವರ್ಷದ ಮಗಳನ್ನು ಅದನ್ನು ನೋಡಲು ಕರೆತಂದಳು. ‘ನಾನೂ ಹೀಗೇ ಕುಣಿಯುತ್ತೇನೆ’ ಎಂದು ಆ ಹುಡುಗಿ ಹಟ ಹಿಡಿದಳು. ಅವಳ ಹೆಸರು ಅನ್ನಾ ಪಾವ್ಲೋವಾ. ಅವಳ ಕಥೆಗೆ ಮತ್ತೆ ಬರುತ್ತೇನೆ.

1892ರ ‘ನಟ್‌ಕ್ರ್ಯಾಕರ್’ಗೂ ಪೆಟಿಪಾರದೇ ಯೋಜನೆ. ಕಾಯಿಲೆ ಬಿದ್ದದ್ದರಿಂದ ನೃತ್ಯ ಕಟ್ಟಿದ್ದು ಸಹಾಯಕ ಲೆವ್ ಇವಾನೊವ್. 1895ರ ‘ಸ್ವಾನ್ ಲೇಕ್’ನಲ್ಲಿಯೂ ಸರೋವರದ ದಡದ ಹಂಸಗಳ ದೃಶ್ಯ ಇವಾನೊವ್ ಅವರದು, ಅರಮನೆಯ ದೃಶ್ಯ ಪೆಟಿಪಾರದು. ಲೋಕವೆಲ್ಲ ಕಣ್ಣೀರಿಟ್ಟು ನೋಡುವ ಆ ಬಿಳಿ ಹಂಸಗಳನ್ನು ಕಟ್ಟಿದ ಇವಾನೊವ್ ಜೀವನವಿಡೀ ಎರಡನೇ ಸ್ಥಾನದಲ್ಲೇ ಉಳಿದು, 1901ರಲ್ಲಿ ಕೈಬರಿದಾಗಿಯೇ ತೀರಿಕೊಂಡರು. ದೊಡ್ಡ ಮರದ ಕೆಳಗಿನ ಗಿಡದ ಪಾಡು. ಪೆಟಿಪಾರ ಕಥೆ ಹೇಳುವಾಗ ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಕೊನೆಯ ವರ್ಷಗಳು

1898ರಲ್ಲಿ ಗ್ಲಾಜುನೊವ್ ಸಂಗೀತಕ್ಕೆ ‘ರೇಮೊಂಡಾ’ ಕಟ್ಟಿದಾಗ ಪೆಟಿಪಾರಿಗೆ ಎಂಬತ್ತು ಹತ್ತಿರ. ನಾಲ್ವರು ತ್ಸಾರ್‌ಗಳ ಕಾಲ ಕಂಡಾಗಿತ್ತು. 1901ರಲ್ಲಿ ಬಂದ ಹೊಸ ನಿರ್ದೇಶಕ ತೆಲ್ಯಕೊವ್‌ಸ್ಕಿಗೆ ಈ ಮುದುಕನ ಬ್ಯಾಲೆ ಹಳಸಲು ಅನಿಸಿತು. 1903ರ ಫೆಬ್ರವರಿಯಲ್ಲಿ ಪೆಟಿಪಾರ ‘ಮಾಯಾ ಕನ್ನಡಿ’ ಆಡಿತು. ಹೊಸ ಬಗೆಯ ರಂಗಸಜ್ಜಿಕೆ, ಹಳೆಯ ಬಗೆಯ ನೃತ್ಯ ಒಂದಕ್ಕೊಂದು ಕೂಡಲಿಲ್ಲ. ಸಭೆಯಲ್ಲಿ ಜನ ಕೂಗಾಡಿದರು. ಅದೇ ಕೊನೆ. ಐವತ್ತಾರು ವರ್ಷ ದುಡಿದ ರಂಗಮಂದಿರದಿಂದ ಹೊರಗುಳಿದರು.

ಆಮೇಲಿನ ವರ್ಷಗಳ ದಿನಚರಿಯಲ್ಲಿ ಮೈನೋವು, ಔಷಧ, ತನ್ನ ಬ್ಯಾಲೆಗಳನ್ನು ಬೇರೆಯವರು ತಿದ್ದುವುದನ್ನು ಕಂಡ ಸಂಕಟ ತುಂಬಿಕೊಂಡಿದೆ. 1906ರಲ್ಲಿ ನೆನಪಿನ ಪುಸ್ತಕ ಪ್ರಕಟಿಸಿದರು. ವೈದ್ಯರ ಸಲಹೆಯ ಮೇಲೆ ಕ್ರಿಮಿಯಾದ ಗುರ್ಜುಫ್ ಎಂಬ ಕಡಲತೀರದ ಊರಿಗೆ ಹೋಗಿ, 1910ರ ಜುಲೈ 14ರಂದು ಅಲ್ಲಿಯೇ ತೀರಿಕೊಂಡರು. 92 ವರ್ಷವಾಗಿತ್ತು.

ನೋಡಿ, ನೃತ್ಯ ಕಟ್ಟುವವರ ದೊಡ್ಡ ಸಂಕಟ ಇದು. ಕವಿ ಸತ್ತರೆ ಪುಸ್ತಕ ಇರುತ್ತದೆ, ಶಿಲ್ಪಿ ಸತ್ತರೆ ಕಲ್ಲು ಇರುತ್ತದೆ. ನೃತ್ಯ ಇರುವುದು ಕುಣಿಯುವವರ ಮೈಯಲ್ಲಿ ಮಾತ್ರ. ಅವರು ಮರೆತರೆ ಮುಗಿಯಿತು. ಪೆಟಿಪಾರ ಬಹುಪಾಲು ಬ್ಯಾಲೆಗಳು ಹಾಗೆಯೇ ಹೋದವು. ಉಳಿದವುಗಳಿಗೆ ಒಬ್ಬ ನರ್ತಕನ ಋಣ ಇದೆ. ವ್ಲಾದಿಮಿರ್ ಸ್ತೆಪಾನೊವ್ ಎಂಬಾತ ಸಂಗೀತದ ಸ್ವರಲಿಪಿಯಂತೆ ದೇಹದ ಚಲನೆಗೂ ಒಂದು ಲಿಪಿ ಮಾಡಿ 1892ರಲ್ಲಿ ಪ್ರಕಟಿಸಿದ. 1896ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ನಂತರದವರು ಆ ಲಿಪಿಯಲ್ಲಿ ಪೆಟಿಪಾರ ಬ್ಯಾಲೆಗಳನ್ನು ಬರೆದಿಟ್ಟರು. ರಷ್ಯಾ ಕ್ರಾಂತಿಯ ಬಳಿಕ ನಿಕೊಲಾಯ್ ಸೆರ್ಗೆಯೆವ್ ಎಂಬವರು ಆ ಕಾಗದದ ಕಟ್ಟುಗಳೊಂದಿಗೆ ದೇಶ ಬಿಟ್ಟರು. ಲಂಡನ್ನಿನಲ್ಲಿ 1921ರ ‘ಸ್ಲೀಪಿಂಗ್ ಬ್ಯೂಟಿ’ಯೂ 1934ರ ‘ಸ್ವಾನ್ ಲೇಕ್’ ಕೂಡ ಏಳಲು ಆ ಕಟ್ಟುಗಳೇ ಆಧಾರ. ಈಗ ಅವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಅವನ್ನು ಓದಿ 2002ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ, 2018ರಲ್ಲಿ ಬರ್ಲಿನ್‌ನಲ್ಲಿ ‘ಬಯಾದೇರ್’ ಅನ್ನು ಹಳೆಯ ರೂಪದಲ್ಲಿ ಮತ್ತೆ ಕಟ್ಟಿದರು.

ಪೀಟರ್ಸ್‌ಬರ್ಗ್‌ನಿಂದ ಅಡಯಾರಿಗೆ

ಈಗ ಪಾವ್ಲೋವಾ ಕಥೆ. ಆ ಎಂಟು ವರ್ಷದ ಹುಡುಗಿ ಚಕ್ರವರ್ತಿಯ ಬ್ಯಾಲೆ ಶಾಲೆಯಲ್ಲಿ ಕಲಿತು, 1902ರಲ್ಲಿ ‘ಬಯಾದೇರ್’ನ ನಿಕಿಯಾ ಆಗಿ ಕುಣಿದಳು. ಪಾತ್ರ ತಿದ್ದಿಕೊಟ್ಟವರಲ್ಲಿ ಮುದುಕ ಪೆಟಿಪಾ ಕೂಡ ಒಬ್ಬರು. ಮುಂದೆ ಪಾವ್ಲೋವಾ ಸ್ವಂತ ತಂಡ ಕಟ್ಟಿಕೊಂಡು ಲೋಕ ಸುತ್ತಿದರು. 1922ರ ಕೊನೆಯ ಹೊತ್ತಿಗೆ ಭಾರತಕ್ಕೂ ಬಂದರು. ರಂಗದ ಮೇಲೆ ದೇವದಾಸಿಯಾಗಿದ್ದ ಆಕೆಗೆ ನಿಜವಾದ ಭಾರತದ ನೃತ್ಯ ನೋಡುವ ಆಸೆ. ಆದರೆ ಆಗ ನಮ್ಮಲ್ಲಿ ನೃತ್ಯವೆಂದರೆ ಮರ್ಯಾದಸ್ಥರು ಮಾತಾಡಬಾರದ ವಿಷಯವಾಗಿತ್ತು. ಮೈಸೂರು ಸರ್ಕಾರ 1909ರಲ್ಲೇ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತ್ತು. ಆ ಪದ್ಧತಿಯೊಳಗಿನ ಶೋಷಣೆಗೆ ಅದು ಬೇಕಾಗಿತ್ತು, ನಿಜ. ಆದರೆ ಅದರ ಜೊತೆ ಕಲೆಯೂ ಮೂಲೆಗೆ ಸರಿಯಿತು.

1923ರಲ್ಲಿ ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಒಬ್ಬ ಭಾರತೀಯ ತರುಣ ಪಾವ್ಲೋವಾ ಕಣ್ಣಿಗೆ ಬಿದ್ದ. ಇಬ್ಬರೂ ಸೇರಿ ರಾಧಾ-ಕೃಷ್ಣರ ನೃತ್ಯ ಮಾಡಿದರು. ಆ ತರುಣನೇ ಉದಯಶಂಕರ್. ಭಾರತೀಯ ಬ್ಯಾಲೆ ಎಂಬ ಹೊಸ ಬಗೆಯನ್ನೇ ಶುರುಮಾಡಿದವರು. ಅಲ್ಮೋರಾದಲ್ಲಿ ಅವರು ತೆರೆದ ಕೇಂದ್ರದಲ್ಲಿ 1940ರ ದಶಕದಲ್ಲಿ ಕಲಿತವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಪಡುಕೋಣೆ ಹುಡುಗ ಇದ್ದ. ಮುಂಬೈ ಮಿತ್ರರೇ, ಅವರು ನಿಮ್ಮ ಗುರುದತ್!

ಚೆನ್ನೈ ಮಿತ್ರರಿಗೆ ಹತ್ತಿರದ ಕಥೆ ಇನ್ನೊಂದು. 1928ರ ಹೊತ್ತಿಗೆ ಪಾವ್ಲೋವಾ ಎರಡನೇ ಸಲ ಭಾರತಕ್ಕೆ ಬಂದಾಗ ರುಕ್ಮಿಣಿ ದೇವಿಯವರ ಸ್ನೇಹವಾಯಿತು. ರುಕ್ಮಿಣಿ ದೇವಿ ಪಾವ್ಲೋವಾ ತಂಡದ ಕ್ಲಿಯೋ ನೋರ್ಡಿ ಹತ್ತಿರ ಬ್ಯಾಲೆಯನ್ನೇ ಕಲಿಯತೊಡಗಿದರು. ನಿಮ್ಮ ದೇಶದ ನೃತ್ಯವನ್ನೇ ಹುಡುಕಿಕೊಳ್ಳಿ ಎಂದು ಪಾವ್ಲೋವಾ ಹೇಳಿದರಂತೆ. ರುಕ್ಮಿಣಿ ದೇವಿ ಹುಡುಕಿಕೊಂಡು ಹೋದದ್ದು ದೇವದಾಸಿಯರ ಸದಿರಾಟದ ಗುರುಗಳ ಬಳಿಗೆ. 1935ರಲ್ಲಿ ಅಡಯಾರಿನಲ್ಲಿ ರಂಗವೇರಿದರು, 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು.

ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್ ಅವರನ್ನೂ ನೆನೆಯಬೇಕು. ಭರತನಾಟ್ಯ, ಕಥಕ್ಕಳಿಗಳನ್ನು ಯುರೋಪಿನ ರಂಗಗಳಿಗೆ ಒಯ್ದವರು. 1960ರಲ್ಲಿ ಅವರ ಕೃಷ್ಣನಿಗೆ ರಾಧೆಯಾದವರು ಅಲಿಸಿಯಾ ಮಾರ್ಕೋವಾ. ಸೆರ್ಗೆಯೆವ್ ತಂದ ಕಟ್ಟುಗಳಿಂದ ಎದ್ದ ‘ಸ್ವಾನ್ ಲೇಕ್’ನಲ್ಲಿ 1934ರಲ್ಲಿ ಕುಣಿದ ನರ್ತಕಿ.

ಈಗ ಮೊದಲಿನ ಪ್ರಶ್ನೆ. ನಗಬೇಕೋ, ಸಿಟ್ಟಾಗಬೇಕೋ, ಚಪ್ಪಾಳೆಯೋ? ನನ್ನ ಉತ್ತರ ಇಷ್ಟು. ದುಗ್ಮಂತ ರಾಜನನ್ನು ಕಂಡು ಧಾರಾಳವಾಗಿ ನಗಿ. ಅದೇ ಭಾರತವೆಂದು ಇಂದಿಗೂ ಯಾರಾದರೂ ತಿಳಿದರೆ ಅದು ತಪ್ಪು ಎಂದು ಹೇಳಿ, ಜಟ್ಟಿ ತಾಯಮ್ಮನವರ ಹೆಸರನ್ನೂ ಹೇಳಿ. ಆದರೆ ನೆರಳುಗಳು ಇಳಿಜಾರಿನಲ್ಲಿ ಒಂದೊಂದಾಗಿ ಇಳಿಯತೊಡಗಿದಾಗ ಮಾತು ನಿಲ್ಲಿಸಿ ನೋಡಿ. ಪೆಟಿಪಾರಿಗೆ ಭಾರತ ಗೊತ್ತಿರಲಿಲ್ಲ, ಕುಣಿತ ಗೊತ್ತಿತ್ತು. ಆ ಕುಣಿತ ಕಲಿತವರೊಬ್ಬರು ಇಲ್ಲಿಗೆ ಬಂದು ನಮ್ಮದನ್ನು ನಾವೇ ನೋಡಿಕೊಳ್ಳುವಂತೆ ಮಾಡಿದರು ಎಂಬುದೂ ಅಷ್ಟೇ ನಿಜ.

ನಿಮ್ಮ ಊರಿಗೆ ಬ್ಯಾಲೆ ತಂಡ ಬಂದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅದಕ್ಕೆ ಮೊದಲು ‘ಸ್ಲೀಪಿಂಗ್ ಬ್ಯೂಟಿ’ಯ ಆ ನೀಲಮಣಿಯ ತುಣುಕನ್ನು ಒಮ್ಮೆ ಕೇಳಿ, ಐದು ಮಾತ್ರೆ ಸಿಕ್ಕಿತೋ ಇಲ್ಲವೋ ಎಂದು ನಮಗೆ ಬರೆದು ತಿಳಿಸಿ.